ಸುಟ್ಟ ಹಳಿಯೂ ಸುಟ್ಟ ಸೇತುವೆಯೂ

2025ನೆಯ ಇಸವಿಯ ಜುಲೈ 13, ಭಾನುವಾರ. ಅಂದು ಬೆಳಗಿನ ಜಾವ ಚೆನ್ನೈ ನಗರದ ಉತ್ತರ ಭಾಗದಿಂದ ಡೀಸೆಲ್ ಎಣ್ಣೆಯನ್ನು ತುಂಬಿಕೊಂಡು ಹೊರಟಿದ್ದ ಸರಕು ಗಾಡಿಯೊಂದು ತಿರುವಳ್ಳೂರಿನ ಸಮೀಪದಲ್ಲಿ ಹಳಿ ತಪ್ಪಿ ಬೆಂಕಿಗೆ ಆಹುತಿಯಾಯಿತು. 18 ಟ್ಯಾಂಕ್ ವ್ಯಾಗನುಗಳು ಹೊತ್ತಿ ಉರಿದವು. ಕರಿಯ ಹೊಗೆ ಹಲವು ಮೈಲಿಗಳ ದೂರಕ್ಕೆ ಕಾಣಿಸುತ್ತಿತ್ತು. ಸುತ್ತಲಿನ ಮನೆಗಳ ಜನರನ್ನು ಎಬ್ಬಿಸಿ ದೂರಕ್ಕೆ ಸಾಗಿಸಲಾಯಿತು. ಬೆಂಕಿ ತಾಗದಿದ್ದ ವ್ಯಾಗನುಗಳನ್ನು ಸಿಬ್ಬಂದಿಯವರು ಬೇರ್ಪಡಿಸಿ ಎಳೆದೊಯ್ದರು. ಒಂದು ಪ್ರಾಣವೂ ಹೋಗಲಿಲ್ಲವೆಂಬುದು ಆ ದಿನದ ದೊಡ್ಡ ಸಮಾಧಾನ.

ಚೆನ್ನೈಯಲ್ಲಿರುವ ನಮ್ಮ ವಾಚಕರಿಗೆ ಆ ಭಾನುವಾರ ಮರೆತಿರಲಾರದು. ಮೈಸೂರಿನ ಕಡೆಗೆ ಹೋಗುವ ವಂದೇ ಭಾರತ್ ಮತ್ತು ಶತಾಬ್ದಿ, ಬೆಂಗಳೂರಿನ ಡಬಲ್ ಡೆಕ್ಕರ್, ಬಹುಕಾಲದಿಂದ ನಮ್ಮವರ ಗಾಡಿಯೆಂದೇ ಹೆಸರಾದ ಬೃಂದಾವನ ಎಕ್ಸ್‌ಪ್ರೆಸ್, ಇವೆಲ್ಲವೂ ಅಂದು ರದ್ದಾದವು. ಚೆನ್ನೈಯಿಂದ ನಮ್ಮ ನಾಡಿಗೆ ಹೋಗುವ ಮುಖ್ಯ ದಾರಿ ತಿರುವಳ್ಳೂರು, ಅರಕ್ಕೋಣಗಳ ಮೇಲೆಯೇ ಹಾದುಹೋಗುತ್ತದೆ. ನಾಲ್ಕು ಜೋಡಿ ಹಳಿಗಳಿರುವ ಆ ದಾರಿಯಲ್ಲಿ ಒಂದು ಜೋಡಿಯ ಮೇಲೆ ಉರಿದ ಬೆಂಕಿ ನಾಲ್ಕನ್ನೂ ನಿಲ್ಲಿಸಿಬಿಟ್ಟಿತು. ಮಾಲೀಕರನ್ನು ಕಾಡಿ ಬೇಡಿ ನಾಲ್ಕು ದಿನದ ರಜೆ ಪಡೆದು ಊರಿಗೆ ಹೊರಟ ಹೋಟೆಲು ಕೆಲಸಗಾರನಿಗೆ, ಸೋಮವಾರ ಕಛೇರಿಗೆ ಹಾಜರಾಗಲೇಬೇಕಾದ ಗುಮಾಸ್ತನಿಗೆ, ರೈಲಿನ ಒಂದು ದಿನವೆಂದರೆ ಏನೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಆದರೆ ಮರುದಿನ ಮುಗಿಯುವಷ್ಟರಲ್ಲಿ ಅದೇ ಸ್ಥಳದಲ್ಲಿ ಗಾಡಿಗಳು ಮತ್ತೆ ಓಡಾಡತೊಡಗಿದ್ದವು. ಸುಟ್ಟು ಕರಕಲಾದ ವ್ಯಾಗನುಗಳನ್ನು ಕ್ರೇನುಗಳಿಂದ ಬದಿಗೆ ಸರಿಸಿ, ಹಳಿ, ಸ್ಲೀಪರು, ವಿದ್ಯುತ್ ತಂತಿಗಳನ್ನು ಹೊಸದಾಗಿ ಜೋಡಿಸಿ ದಾರಿ ತೆರೆದ ನೂರಾರು ಕಾರ್ಮಿಕರ ಶ್ರಮ ಸಣ್ಣದಲ್ಲ. ಅವರಿಗೆ ಸಲ್ಲಬೇಕಾದ ಮೆಚ್ಚಿಗೆಯನ್ನು ನಾವು ಮನಃಪೂರ್ವಕವಾಗಿ ಸಲ್ಲಿಸುತ್ತೇವೆ. ಸಲ್ಲಿಸಿದ ಮೇಲೆ ಒಂದು ಪ್ರಶ್ನೆಯನ್ನು ಕೇಳುವ ಹಕ್ಕು ನಮಗುಂಟು. ಇದೇ ಗಾಡಿ, ಇದೇ ಎಣ್ಣೆ, ಇದೇ ಬೆಂಕಿ ಒಂದು ಸೇತುವೆಯ ಮೇಲೆ ಉರಿದಿದ್ದರೆ ಏನಾಗುತ್ತಿತ್ತು? ಎರಡು ದಿನದ ಕೆಲಸವೆಂದು ನಾವು ಹೆಮ್ಮೆಪಟ್ಟದ್ದು ಎರಡು ದಿನದಲ್ಲಿ ಮುಗಿಯುತ್ತಿತ್ತೆ? ಮುಗಿಸಬೇಕೆಂದು ಯಾರಾದರೂ ಆತುರಪಟ್ಟಿದ್ದರೆ ಆ ಸೇತುವೆಯ ಮೇಲೆ ನಾವು ನೆಮ್ಮದಿಯಿಂದ ಪ್ರಯಾಣ ಮಾಡಬಹುದಾಗಿತ್ತೆ?

ಈ ಪ್ರಶ್ನೆಗೆ ಉತ್ತರ ಬೇಕಾದರೆ ಎಣ್ಣೆಯ ಬೆಂಕಿಯ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ನಮ್ಮ ವಾಚಕರಲ್ಲಿ ಅಡಿಗೆಮನೆಯ ಒಲೆಯ ಮುಂದೆ ಆಯುಷ್ಯ ಕಳೆದವರಿಗೆ ಅದು ಪುಸ್ತಕದ ವಿಷಯವಲ್ಲ. ಬಾಣಲೆಯ ಎಣ್ಣೆ ಹೊತ್ತಿಕೊಂಡಾಗ ನೀರು ಸುರಿಯಬಾರದು, ಮುಚ್ಚಳ ಹಾಕಿ ಗಾಳಿ ತಪ್ಪಿಸಬೇಕು ಎಂಬುದನ್ನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ಹುಡುಗರಿಗೆ ಹೇಳಿಕೊಡುತ್ತಾರೆ. ಟ್ಯಾಂಕ್ ವ್ಯಾಗನಿನ ಬೆಂಕಿಗೂ ಶಾಸ್ತ್ರ ಅದೇ. ಅಗ್ನಿಶಾಮಕ ದಳದವರು ನೊರೆಯನ್ನು ಹರಡಿ ಎಣ್ಣೆಗೆ ಗಾಳಿ ತಗಲದಂತೆ ಮಾಡುತ್ತಾರೆ. ನೀರನ್ನು ಬಹುಮಟ್ಟಿಗೆ ಇನ್ನೂ ಹೊತ್ತಿಕೊಳ್ಳದ ವ್ಯಾಗನುಗಳನ್ನು ತಂಪಾಗಿಡುವುದಕ್ಕೆ ಉಪಯೋಗಿಸುತ್ತಾರೆ. ರೈಲು ದಾರಿಯಲ್ಲಿ ಇನ್ನೊಂದು ತೊಡಕುಂಟು. ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟುಗಳ ವಿದ್ಯುತ್ ಹರಿಯುತ್ತಿರುತ್ತದೆ. ಅದನ್ನು ನಿಲ್ಲಿಸಿ ಭೂಮಿಗೆ ಜೋಡಿಸಿದರೆಂಬುದು ಖಚಿತವಾಗುವವರೆಗೆ ಪಿಚಕಾರಿ ಹಿಡಿದವನು ಮುಂದೆ ಹೆಜ್ಜೆಯಿಡುವಂತಿಲ್ಲ. ಆ ಹೊತ್ತಿನಲ್ಲಿ ಬೆಂಕಿ ಮಾತ್ರ ಯಾರಿಗೂ ಕಾಯುವುದಿಲ್ಲ.

ಮರ, ಬಟ್ಟೆ, ಕಾಗದ ಉರಿಯುವ ಸಾಮಾನ್ಯ ಕಟ್ಟಡದ ಬೆಂಕಿ ಒಂದು ಗಂಟೆಯಲ್ಲಿ ತಲುಪುವ ಕಾವನ್ನು ನೆಲದ ಮೇಲೆ ಹರಡಿದ ಎಣ್ಣೆಯ ಬೆಂಕಿ ಐದು ನಿಮಿಷಗಳಲ್ಲಿ ತಲುಪುತ್ತದೆಂದು ಎಂಜಿನಿಯರುಗಳು ಲೆಕ್ಕ ಹಾಕಿದ್ದಾರೆ. ಅದು ಸುಮಾರು 900ರಿಂದ 1,100 ಡಿಗ್ರಿ ಸೆಂಟಿಗ್ರೇಡಿನವರೆಗೆ ಏರುತ್ತದೆ. ಇಂತಹ ಅಪಘಾತಗಳಾದಾಗ ಹಳಿಗಳು ಕರಗಿಹೋದವೆಂದು ಜನ ಹೇಳುವುದುಂಟು, ಪತ್ರಿಕೆಗಳೂ ಬರೆಯುವುದುಂಟು. ಇದು ಸರಿಯಲ್ಲ. ಉಕ್ಕು ಕರಗಬೇಕಾದರೆ 1,500 ಡಿಗ್ರಿಯ ಹತ್ತಿರ ಬೇಕು; ಬಯಲಿನ ಎಣ್ಣೆಯ ಬೆಂಕಿಗೆ ಆ ಶಕ್ತಿಯಿಲ್ಲ. ಆದರೆ ಉಕ್ಕು ಸೋಲುವುದಕ್ಕೆ ಕರಗಬೇಕಾಗಿಲ್ಲ. 400 ಡಿಗ್ರಿ ದಾಟಿದ ಮೇಲೆ ಅದರ ಬಲ ಇಳಿಯತೊಡಗುತ್ತದೆ. 600 ಡಿಗ್ರಿಯ ಸುಮಾರಿಗೆ ಅರ್ಧದಷ್ಟು ಬಲ ಹೊರಟುಹೋಗಿರುತ್ತದೆ. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಸಲಾಕೆ ಕರಗದೆಯೇ ಬಾಗುವುದನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕಮ್ಮಾರನ ಸಲಾಕೆ ಯಾವ ಭಾರವನ್ನೂ ಹೊತ್ತಿರುವುದಿಲ್ಲ, ಸೇತುವೆಯ ತೊಲೆಯಾದರೋ ತನ್ನ ಭಾರದ ಜೊತೆಗೆ ಉರಿಯುತ್ತಿರುವ ಗಾಡಿಯ ಭಾರವನ್ನೂ ಹೊತ್ತಿರುತ್ತದೆ, ಅಷ್ಟೇ ವ್ಯತ್ಯಾಸ.

ಮೊದಲು ನೆಲದ ಮೇಲಿನ ದಾರಿಯನ್ನು ನೋಡೋಣ. ರೈಲು ದಾರಿಯೆಂದರೆ ಬರಿಯ ಎರಡು ಹಳಿಗಳಲ್ಲ. ಕೆಳಗೆ ಹದಮಾಡಿದ ಮಣ್ಣಿನ ಏರಿ, ಅದರ ಮೇಲೆ ಜಲ್ಲಿಯ ಹಾಸು, ಜಲ್ಲಿಯಲ್ಲಿ ಹುದುಗಿದ ಕಾಂಕ್ರೀಟಿನ ಸ್ಲೀಪರುಗಳು, ಅವುಗಳ ಮೇಲೆ ರಬ್ಬರಿನ ಮೆತ್ತೆ, ಮೆತ್ತೆಯ ಮೇಲೆ ಹಳಿ, ಹಳಿಯನ್ನು ಬಿಗಿಹಿಡಿಯುವ ಸ್ಪ್ರಿಂಗ್ ಉಕ್ಕಿನ ಕೊಂಡಿ. ಬೆಂಕಿ ಇವೆಲ್ಲವನ್ನೂ ಒಂದೇ ರೀತಿಯಲ್ಲಿ ಕೆಡಿಸುವುದಿಲ್ಲ. ರಬ್ಬರಿನ ಮೆತ್ತೆಯೂ ನೈಲಾನಿನ ತುಂಡೂ ಮೊದಲ ಕೆಲವು ನಿಮಿಷಗಳಲ್ಲಿಯೇ ಇಲ್ಲವಾಗುತ್ತವೆ. ಕೊಂಡಿಯ ಆಕಾರ ಹಾಗೆಯೇ ಇರುತ್ತದೆ, ಬಿಗಿ ಮಾತ್ರ ಇರುವುದಿಲ್ಲ. ಸ್ಲೀಪರಿನ ಕಾಂಕ್ರೀಟಿನೊಳಗೆ ಎಳೆದು ಬಿಗಿದಿಟ್ಟ ಉಕ್ಕಿನ ತಂತಿಗಳಿವೆ. ಆ ಬಿಗಿತವೇ ಸ್ಲೀಪರಿನ ಜೀವ. ಸಾಮಾನ್ಯ ಉಕ್ಕಿಗಿಂತ ಇಂತಹ ತಂತಿ ಬೆಂಕಿಗೆ ಬೇಗ ಸೋಲುತ್ತದೆ. 400 ಡಿಗ್ರಿಯ ಸುಮಾರಿಗೆ ಅದರ ಬಲ ಅರ್ಧಕ್ಕಿಳಿಯುತ್ತದೆ, ತಣಿದ ಮೇಲೂ ಮೊದಲಿನ ಬಿಗಿತ ಮರಳಿ ಬರುವುದಿಲ್ಲ.

ಜಲ್ಲಿಯ ವಿಷಯ ಬೇರೆ. ಕಲ್ಲು ಉರಿಯುವುದಿಲ್ಲವೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಆದರೆ ಕಣಶಿಲೆಯಲ್ಲಿರುವ ಬೆಣಚು 573 ಡಿಗ್ರಿಯಲ್ಲಿ ತನ್ನ ಒಳರಚನೆಯನ್ನು ಬದಲಿಸಿಕೊಂಡು ಹಠಾತ್ತನೆ ಹಿಗ್ಗುತ್ತದೆ; ಕಲ್ಲು ಒಳಗೊಳಗೇ ಬಿರುಕುಬಿಡುತ್ತದೆ. ಹಾಗೆ ಬಿರಿದ ಜಲ್ಲಿ ಗಾಡಿಗಳ ಭಾರಕ್ಕೆ ಬೇಗ ಪುಡಿಯಾಗುತ್ತದೆ. ಇದಕ್ಕಿಂತ ಹೆಚ್ಚಿನ ತೊಂದರೆ ಉರಿಯದೆ ಉಳಿದ ಎಣ್ಣೆಯಿಂದ. ಜಲ್ಲಿಯ ಸಂದುಗಳಲ್ಲಿ ಇಳಿದ ಡೀಸೆಲ್ ಮೇಲಿನ ಜ್ವಾಲೆ ಆರಿದ ಮೇಲೂ ಅಡಗಿ ಕುಳಿತು ಮತ್ತೆ ಹೊತ್ತಿಕೊಳ್ಳಬಹುದು. ಕಲ್ಲಿಗೆ ಕಲ್ಲು ಕಚ್ಚಿ ನಿಲ್ಲುವುದರಿಂದಲೇ ಜಲ್ಲಿಯ ಹಾಸು ಹಳಿಯನ್ನು ಅಲುಗದಂತೆ ಹಿಡಿಯುತ್ತದೆ. ಎಣ್ಣೆ ಮತ್ತು ಮಸಿ ಮೆತ್ತಿದ ಜಲ್ಲಿಗೆ ಆ ಹಿಡಿತ ಕಡಿಮೆ. ಏರಿಯ ಮಣ್ಣು ಕಾವನ್ನು ಬಹಳ ಆಳಕ್ಕೆ ಬಿಡುವುದಿಲ್ಲವಾದರೂ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಆದುದರಿಂದ ಜಲ್ಲಿಯನ್ನೂ ಅದರ ಕೆಳಗಿನ ನೆನೆದ ಮಣ್ಣನ್ನೂ ಅಗೆದು ತೆಗೆಯುವುದೇ ಸರಿಯಾದ ಕ್ರಮ. ಚರಂಡಿಗಳನ್ನೂ ನೋಡಬೇಕು. 2013ರ ಜುಲೈ 6ರಂದು ಕೆನಡಾ ದೇಶದ ಲಾಕ್ ಮೆಗಾಂಟಿಕ್ ಎಂಬ ಊರಿನಲ್ಲಿ ಕಚ್ಚಾ ಎಣ್ಣೆಯ ಗಾಡಿಯೊಂದು ಉರುಳಿಬಿದ್ದು 47 ಮಂದಿ ಸತ್ತರು. ಉರಿಯುವ ಎಣ್ಣೆ ಮಳೆನೀರಿನ ಚರಂಡಿಗಳಲ್ಲಿ ಹರಿದು ಊರಿನ ಇನ್ನೊಂದು ಕಡೆಗೂ ಬೆಂಕಿಯನ್ನು ಹೊತ್ತೊಯ್ದಿತ್ತು.

ಇನ್ನು ಹಳಿ. ಈಗಿನ ಹಳಿಗಳನ್ನು ಒಂದಕ್ಕೊಂದು ಬೆಸೆದು ಬಹಳ ಉದ್ದಕ್ಕೆ ಹಾಸುತ್ತಾರೆ. ಹಿಂದಿನಂತೆ ಸಂದುಗಳ ಟಕಟಕ ಶಬ್ದ ಈಗ ಬಹಳ ಕಡೆ ಕೇಳಿಸುವುದಿಲ್ಲ. ಒಂದು ಕಿಲೋಮೀಟರ್ ಉದ್ದದ ಹಳಿ 100 ಡಿಗ್ರಿ ಕಾವೇರಿದರೆ ಸುಮಾರು 120 ಸೆಂಟಿಮೀಟರು ಬೆಳೆಯಲು ಹವಣಿಸುತ್ತದೆ. ಬೆಳೆಯಲು ಎಡೆಯಿಲ್ಲದಾಗ ಅದು ಪಕ್ಕಕ್ಕೆ ಹಾವಿನಂತೆ ಹೊರಳುತ್ತದೆ. ಹೊರಳಿದ ಹಳಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದನ್ನು ಕತ್ತರಿಸಿ ಎಸೆಯುತ್ತಾರೆ. ನಮ್ಮನ್ನು ಯೋಚನೆಗೆ ಹಚ್ಚುವುದು ನೆಟ್ಟಗೇ ಉಳಿದ ಹಳಿ. ಹಳಿಯ ಉಕ್ಕಿನಲ್ಲಿ ಇಂಗಾಲದ ಅಂಶ ಹೆಚ್ಚು. ಅದು ಚೆನ್ನಾಗಿ ಕೆಂಪಗೆ ಕಾದಿರುವಾಗ ಮೇಲೆ ತಣ್ಣೀರು ಬಿದ್ದರೆ ಕಮ್ಮಾರ ಕುಡುಗೋಲಿಗೆ ನೀರು ಹಿಡಿದಂತೆಯೇ ಆಗುತ್ತದೆ. ಉಕ್ಕು ಗಡುಸಾಗುತ್ತದೆ, ಗಾಜಿನಂತೆ ಪೆಡಸೂ ಆಗುತ್ತದೆ. ಬೆಂಕಿಯನ್ನು ಆರಿಸಿದ ನೀರೇ ಹಳಿಯ ಮುರಿತಕ್ಕೆ ಕಾರಣವಾಗಬಹುದು. ಬೆಂಕಿಯ ಸ್ಥಳದಿಂದ ಸ್ವಲ್ಪ ದೂರದ ಹಳಿಗಳಿಗೆ ಜ್ವಾಲೆ ತಾಗದಿದ್ದರೂ ಅವುಗಳೊಳಗಿನ ಎಳೆತ ಒತ್ತಡಗಳ ಲೆಕ್ಕ ತಪ್ಪಿರುತ್ತದೆ. ಅವುಗಳ ಕೊಂಡಿಗಳನ್ನು ಕಳಚಿ, ಹಳಿಯನ್ನು ಸಡಿಲಬಿಟ್ಟು, ಸರಿಯಾದ ಉಷ್ಣತೆಯಲ್ಲಿ ಮತ್ತೆ ಬಿಗಿಯಬೇಕು. ಹಾಗೆ ಮಾಡದಿದ್ದರೆ ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಆ ಹಳಿ ತಾನಾಗಿ ಹೊರಳಬಹುದು.

ಇಷ್ಟೆಲ್ಲ ಹೇಳಿದರೂ ನೆಲದ ಮೇಲಿನ ದಾರಿಗೆ ಒಂದು ದೊಡ್ಡ ಅನುಕೂಲವಿದೆ. ಅಲ್ಲಿ ಸುಟ್ಟದ್ದನ್ನೆಲ್ಲ ತೆಗೆದೆಸೆಯಬಹುದು. ಅನುಮಾನವಿದ್ದರೆ ಇನ್ನೂ ನೂರು ಗಜ ಹೆಚ್ಚಾಗಿಯೇ ತೆಗೆಯಬಹುದು. ಹಳಿ, ಸ್ಲೀಪರು, ಜಲ್ಲಿಗಳು ಉಗ್ರಾಣದಲ್ಲಿ ಸಿಗುವ ಪದಾರ್ಥಗಳು. ಅವನ್ನು ಹೊರುವ ಭೂಮಿಯಂತೂ ಎಲ್ಲಿಯೂ ಹೋಗುವುದಿಲ್ಲ. ತಿರುವಳ್ಳೂರಿನ ದಾರಿ ಅಷ್ಟು ಬೇಗ ತೆರೆದುದಕ್ಕೆ ಕಾರ್ಮಿಕರ ಶ್ರಮದಷ್ಟೇ ಇದೂ ಕಾರಣ. ಸೇತುವೆಯಲ್ಲಾದರೆ ಸುಟ್ಟದ್ದೇ ಹೊರುವ ವಸ್ತು.

ಇದಕ್ಕೆ ಈಚಿನ ವರ್ಷಗಳ ಪ್ರಸಿದ್ಧ ನಿದರ್ಶನ ಕ್ರಿಮಿಯಾದ ಸೇತುವೆ. 2014ರಲ್ಲಿ ರಷ್ಯವು ಉಕ್ರೇನಿನಿಂದ ಕ್ರಿಮಿಯಾ ಪರ್ಯಾಯದ್ವೀಪವನ್ನು ಕಿತ್ತುಕೊಂಡ ಬಳಿಕ ಕೆರ್ಚ್ ಜಲಸಂಧಿಗೆ ಅಡ್ಡಲಾಗಿ ಸುಮಾರು 19 ಕಿಲೋಮೀಟರು ಉದ್ದದ ಈ ಜೋಡಿ ಸೇತುವೆಯನ್ನು ಕಟ್ಟಿತು. ರಸ್ತೆ 2018ರಲ್ಲಿ, ಅದಕ್ಕೆ ಸಮಾನಾಂತರವಾದ ರೈಲು ದಾರಿ 2019ರ ಕೊನೆಯಲ್ಲಿ ತೆರೆದವು. ಯುದ್ಧ ನಡೆಯುತ್ತಿದ್ದ 2022ರ ಅಕ್ಟೋಬರ್ 8ರ ಬೆಳಗ್ಗೆ ರಸ್ತೆಯ ಸೇತುವೆಯ ಮೇಲೆ ಭಾರಿ ಸ್ಫೋಟವಾಯಿತು. ಆ ಹೊತ್ತಿಗೆ ಸರಿಯಾಗಿ ಪಕ್ಕದ ರೈಲು ಸೇತುವೆಯ ಮೇಲೆ ಎಣ್ಣೆಯ ಗಾಡಿಯಿತ್ತು. ಅದರ ಏಳು ಟ್ಯಾಂಕುಗಳು ಹೊತ್ತಿಕೊಂಡವು. ರಸ್ತೆಯ ಕೆಲವು ತೊಲೆಗಳು ಸಮುದ್ರಕ್ಕೆ ಬಿದ್ದವು, ರೈಲು ಸೇತುವೆ ನಿಂತಿತು. ಅದೇ ದಿನ ಸಂಜೆ ರಷ್ಯದ ಅಧಿಕಾರಿಗಳು ಅದರ ಮೇಲೆ ರೈಲು ಓಡಿಸಿ ತೋರಿಸಿದರು. ಯುದ್ಧಕಾಲದಲ್ಲಿ ಹಾಗೆ ತೋರಿಸುವುದಕ್ಕೆ ಅವರಿಗೆ ಕಾರಣಗಳಿದ್ದವು. ಅದು ನಮ್ಮ ಚರ್ಚೆಯ ವಿಷಯವಲ್ಲ.

ನಮಗೆ ಪಾಠವಿರುವುದು ಆಮೇಲೆ ನಡೆದುದರಲ್ಲಿ. ಬೆಂಕಿ ಉರಿದ ಜೋಡಿ ಹಳಿಯ ಕೆಳಗಿನ ತೊಲೆಗಳು ನಿಂತಿದ್ದರೂ ಅವುಗಳನ್ನು ನೆಚ್ಚುವಂತಿರಲಿಲ್ಲ. ಅವುಗಳನ್ನು ತೆಗೆದುಹಾಕಿ, ಹೊಸ ತೊಲೆಗಳನ್ನು ಮಾಡಿಸಿ, ಸಮುದ್ರದ ಮೇಲೆ ಸಾಗಿಸಿ, ಎತ್ತಿ ಕೂರಿಸಬೇಕಾಯಿತು. ಎರಡೂ ಜೋಡಿ ಹಳಿಗಳ ಮೇಲೆ ಪೂರ್ಣ ಸಂಚಾರ ಮತ್ತೆ ಆರಂಭವಾದುದು 2023ರ ಮೇ 5ರಂದು, ಎಂದರೆ ಬೆಂಕಿ ಬಿದ್ದು ಹೆಚ್ಚುಕಡಿಮೆ ಏಳು ತಿಂಗಳಿಗೆ. ಒಂದು ದೊಡ್ಡ ರಾಜ್ಯ ತನ್ನ ಪ್ರತಿಷ್ಠೆಯನ್ನೂ ಸೈನ್ಯದ ಅಗತ್ಯವನ್ನೂ ಪಣವಾಗಿಟ್ಟು ಮಾಡಿದ ಕೆಲಸಕ್ಕೆ ಏಳು ತಿಂಗಳು ಹಿಡಿಯಿತು.

ತೊಲೆ ಏಕೆ ಹಾಗಾಗುತ್ತದೆ? 30 ಮೀಟರು ಉದ್ದದ ಉಕ್ಕಿನ ತೊಲೆ 500 ಡಿಗ್ರಿ ಕಾವೇರಿದರೆ ಸುಮಾರು 18 ಸೆಂಟಿಮೀಟರು ಉದ್ದವಾಗುತ್ತದೆ. ಸಾಮಾನ್ಯ ಬಿಸಿಲು ಚಳಿಗಳ ಹಿಗ್ಗು ಕುಗ್ಗುಗಳಿಗಾಗಿ ತೊಲೆಯ ತುದಿಯ ಆಸನದಲ್ಲಿ ಬಿಟ್ಟಿರುವ ಎಡೆ ಕೆಲವೇ ಸೆಂಟಿಮೀಟರು. ಉಳಿದ ಉದ್ದಕ್ಕೆ ಎಡೆ ಸಿಗದೆ ತೊಲೆ ಕಂಬದ ತಲೆಯನ್ನು ನೂಕುತ್ತದೆ, ಇಲ್ಲವೆ ತಾನೇ ತಿರುಚಿಕೊಳ್ಳುತ್ತದೆ. ಒಂದು ಬದಿಯಲ್ಲಿ ಬೆಂಕಿ, ಇನ್ನೊಂದು ಬದಿಯಲ್ಲಿ ನದಿಯ ಗಾಳಿ ಇದ್ದರೆ ತಿರುಚು ಇನ್ನೂ ಹೆಚ್ಚು. ಕಾದಾಗ ಜಗ್ಗಿದ ಉಕ್ಕು ತಣಿದಾಗ ಹಿಂದಿನ ಆಕಾರಕ್ಕೆ ಬಾರದೆ ಅಲ್ಲಿಯೇ ನಿಲ್ಲುತ್ತದೆ. ಬೆಂಕಿ ಎಲ್ಲಿ ಉರಿಯಿತೆಂಬುದೂ ಮುಖ್ಯ. ಜಲ್ಲಿ ಹಾಸಿದ ಕಾಂಕ್ರೀಟು ತಳದ ಮೇಲೆ ಎಣ್ಣೆ ಉರಿದರೆ ಜಲ್ಲಿಯೇ ಒಂದು ಗುರಾಣಿಯಾಗಿ ಕೆಳಗಿನ ತೊಲೆಯನ್ನು ತಕ್ಕಮಟ್ಟಿಗೆ ಕಾಪಾಡುತ್ತದೆ. ಹಳಿಯ ಕೆಳಗೆ ಬಯಲಾಗಿರುವ ಉಕ್ಕಿನ ಗರ್ಡರಿನ ಸೇತುವೆಗೆ ಆ ರಕ್ಷೆಯಿಲ್ಲ. 2020ರ ಜುಲೈ 29ರಂದು ಅಮೆರಿಕದ ಅರಿಜೋನಾ ಸಂಸ್ಥಾನದ ಟೆಂಪೆ ಎಂಬಲ್ಲಿ ಹಳೆಯ ಉಕ್ಕಿನ ರೈಲು ಸೇತುವೆಯ ಮೇಲೆ ಸರಕು ಗಾಡಿ ಹಳಿ ತಪ್ಪಿ ಹೊತ್ತಿಕೊಂಡಾಗ ಸೇತುವೆಯ ಒಂದು ಭಾಗವೇ ಕುಸಿದುಬಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಸೇತುವೆಯ ಕೆಳಗಿನ ಬೆಂಕಿ. ಜ್ವಾಲೆ ಮೇಲಕ್ಕೇರುವ ವಸ್ತು. ಕಾವಲಿಯ ಕೆಳಗೆ ಉರಿ ಹಾಕುವುದಕ್ಕೂ ಮೇಲೆ ಕೆಂಡ ಸುರಿಯುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯೂ ಇದೆ. 2007ರ ಏಪ್ರಿಲ್ 29ರ ಬೆಳಗಿನ ಜಾವ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಸುಮಾರು 32,000 ಲೀಟರು ಪೆಟ್ರೋಲು ಹೊತ್ತ ಲಾರಿಯೊಂದು ಮೇಲುಸೇತುವೆಯ ಅಡಿಯಲ್ಲಿ ಮಗುಚಿ ಉರಿಯಿತು. ಅರ್ಧ ಗಂಟೆಯೊಳಗೆ ಮೇಲಿನ ಸೇತುವೆಯ ಉಕ್ಕಿನ ತೊಲೆಗಳು ಮೆತ್ತಗಾಗಿ ಕೆಳಕ್ಕೆ ಜೋತುಬಿದ್ದವು. 2023ರ ಜೂನ್ 11ರಂದು ಫಿಲಡೆಲ್ಫಿಯಾದಲ್ಲಿಯೂ ಇಂತಹದೇ ಘಟನೆ ನಡೆಯಿತು. ಇವೆರಡೂ ರಸ್ತೆಯ ಸೇತುವೆಗಳು. ಆದರೆ ಉಕ್ಕಿಗೆ ತನ್ನ ಮೇಲೆ ಲಾರಿ ಹೋಗುತ್ತದೆಯೋ ರೈಲು ಹೋಗುತ್ತದೆಯೋ ಎಂಬ ಭೇದವಿಲ್ಲ. ಮುಂಬಯಿ, ಪುಣೆ, ಹೈದರಾಬಾದುಗಳಂತಹ ನಗರಗಳಲ್ಲಿ ರೈಲು ಸೇತುವೆಗಳ ಅಡಿಯಲ್ಲಿ ಎಣ್ಣೆಯ ಲಾರಿಗಳು ಹಗಲಿರುಳು ಹಾದುಹೋಗುತ್ತವೆ. ಎತ್ತರದ ಲಾರಿಗಳು ತೊಲೆಗೆ ಬಡಿಯದಿರಲೆಂದು ಸೇತುವೆಯ ಮುಂದೆ ಕಬ್ಬಿಣದ ತಡೆಚೌಕಟ್ಟನ್ನು ನಿಲ್ಲಿಸಿರುವುದನ್ನು ನಾವೆಲ್ಲ ನೋಡಿದ್ದೇವೆ. ಬಡಿತದ ಭಯ ಇಲಾಖೆಗೆ ಇದೆ ಎಂದಾಯಿತು. ಬೆಂಕಿಯ ಭಯವೂ ಇರಬೇಕಷ್ಟೆ? ಸೇತುವೆಯ ಕಮಾನುಗಳಡಿಯಲ್ಲಿ ಲಾರಿಗಳನ್ನು ನಿಲ್ಲಿಸುವುದು, ಹಳೆಯ ಟೈರು, ರದ್ದಿ ಕೂಡಿಡುವುದು, ಕಸ ಸುಡುವುದು ನಮ್ಮ ಊರುಗಳಲ್ಲಿ ಯಾರಿಗೂ ವಿಶೇಷವಾಗಿ ಕಾಣದ ದೃಶ್ಯ.

ಕಾಂಕ್ರೀಟಿನ ಸೇತುವೆಯಾದರೆ ಚಿಂತೆಯಿಲ್ಲವೆಂದು ತಿಳಿಯುವುದೂ ತಪ್ಪು. ಕಾಂಕ್ರೀಟು 300 ಡಿಗ್ರಿಯ ಮೇಲೆ ಕಾದರೆ ಕಳೆದುಕೊಂಡ ಬಲ ತಣಿದ ಮೇಲೂ ಪೂರ್ತಿ ಮರಳುವುದಿಲ್ಲ. ಒಳಗಿನ ತೇವ ಆವಿಯಾಗಿ ಮೇಲಿನ ಪದರವನ್ನು ಸಿಡಿಸುತ್ತದೆ, ಒಳಗಿನ ಉಕ್ಕು ಬೆಂಕಿಗೆ ಬಯಲಾಗುತ್ತದೆ. ಈಗಿನ ತೊಲೆಗಳಲ್ಲಿ ಸ್ಲೀಪರಿನಲ್ಲಿರುವಂತೆಯೇ ಬಿಗಿದ ತಂತಿಗಳಿವೆ. ಸ್ಲೀಪರನ್ನು ಇಬ್ಬರು ಮೂವರು ಸೇರಿ ಸನ್ನೆಯಿಂದ ಕದಲಿಸಿ ತೆಗೆಯಬಹುದು, ತೊಲೆಯನ್ನು ತೆಗೆಯುವವರಾರು?

ಒಂದು ಹಳೆಯ ಕಥೆಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. 1984ರ ಡಿಸೆಂಬರ್ 20ರಂದು ಇಂಗ್ಲೆಂಡಿನ ಸಮಿಟ್ ಸುರಂಗದೊಳಗೆ ಪೆಟ್ರೋಲಿನ ಗಾಡಿಯೊಂದು ಹಳಿ ತಪ್ಪಿ ಹೊತ್ತಿಕೊಂಡಿತು. 13 ಟ್ಯಾಂಕುಗಳ ಗಾಡಿ ಅದು. ಸಿಬ್ಬಂದಿ ಮೊದಲು ಓಡಿ ಪಾರಾದರು. ಆಮೇಲೆ ಒಳಗೆ ಹಿಂತಿರುಗಿ, ಎಂಜಿನಿನ ಹಿಂದೆಯೇ ಇದ್ದ ಮೂರು ಟ್ಯಾಂಕುಗಳನ್ನು ಕಳಚಿ ಎಂಜಿನಿನ ಸಹಿತ ಹೊರಗೆ ಎಳೆತಂದರು. ಸುರಂಗದ ಗಾಳಿಕೊಳವೆಗಳಿಂದ ಜ್ವಾಲೆ ಗುಡ್ಡದ ಮೇಲೆ ಆಕಾಶಕ್ಕೆ ಚಿಮ್ಮಿತು. 1841ರಲ್ಲಿ ಕಟ್ಟಿದ ಆ ಇಟ್ಟಿಗೆಯ ಸುರಂಗ ಬೀಳಲಿಲ್ಲ. ಕುಲುಮೆಯಲ್ಲಿ ಹುಟ್ಟಿದ ಇಟ್ಟಿಗೆಗೆ ಬೆಂಕಿ ಹಳೆಯ ನಂಟ. ಹಾನಿ ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆಯಿತ್ತು. ಆದರೂ ಎಲ್ಲವನ್ನೂ ಪರೀಕ್ಷಿಸಿ, ಸರಿಪಡಿಸಿ, ಮತ್ತೆ ಗಾಡಿ ಬಿಟ್ಟದ್ದು 1985ರ ಆಗಸ್ಟಿನಲ್ಲಿ.

ಸುಟ್ಟ ಸೇತುವೆಯ ಪರೀಕ್ಷೆ ದೇವರ ಮೇಲೆ ಭಾರ ಹಾಕುವ ಕೆಲಸವಲ್ಲ. ಅದಕ್ಕೆ ಗೊತ್ತಾದ ಕ್ರಮಗಳಿವೆ. ಬಣ್ಣ ಎಷ್ಟು ದೂರದವರೆಗೆ ಸುಟ್ಟಿದೆ ಎಂದು ನೋಡಿದರೆ ಕಾವು ಎಲ್ಲಿಯವರೆಗೆ ಹೋಯಿತೆಂದು ಅಂದಾಜು ಸಿಗುತ್ತದೆ. ಅನೇಕ ಬಗೆಯ ಕಾಂಕ್ರೀಟು 300 ಡಿಗ್ರಿ ದಾಟಿದಾಗ ನಸುಗೆಂಪಾಗುತ್ತದೆ. ಸುತ್ತಿಗೆಯಿಂದ ಬಡಿದರೆ ಒಳಗೆ ಬಿಟ್ಟುಕೊಂಡಿರುವ ಕಡೆ ಟೊಳ್ಳು ನಾದ ಬರುತ್ತದೆ. ಕೊರೆದು ತೆಗೆದ ಚೂರುಗಳನ್ನು ಪ್ರಯೋಗಶಾಲೆಯಲ್ಲಿ ಒತ್ತಿ ನೋಡುತ್ತಾರೆ. ಬಿಗಿದ ಹುರಿಗಟ್ಟು ಬೋಲ್ಟುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ, ಏಕೆಂದರೆ ತೊಲೆಯ ಸಾದಾ ಉಕ್ಕು ತಣಿದ ಮೇಲೆ ಚೇತರಿಸಿಕೊಂಡರೂ ಹದವಿಟ್ಟು ಮಾಡಿದ ಬೋಲ್ಟು ಚೇತರಿಸಿಕೊಳ್ಳುವುದಿಲ್ಲ. ಕೊನೆಗೆ ಭಾರವಾದ ಎಂಜಿನುಗಳನ್ನು ತಂದು ನಿಲ್ಲಿಸಿ ತೊಲೆ ಎಷ್ಟು ಜಗ್ಗುತ್ತದೆ, ಎಂಜಿನು ಸರಿದ ಮೇಲೆ ಎಷ್ಟು ಮೇಲೇಳುತ್ತದೆ ಎಂದು ಅಳೆಯುತ್ತಾರೆ. ನೆಟ್ಟಗಿರುವ ಉಕ್ಕಿನ ತೊಲೆ ಬಹುಪಾಲು ಸಂದರ್ಭಗಳಲ್ಲಿ ಉಪಯೋಗಕ್ಕೆ ಯೋಗ್ಯವಾಗಿಯೇ ಇರುತ್ತದೆಂಬುದೂ ಎಂಜಿನಿಯರುಗಳ ಅನುಭವ. ಎಲ್ಲವನ್ನೂ ಕಿತ್ತೆಸೆಯಿರೆಂದು ನಾವು ಹೇಳುತ್ತಿಲ್ಲ. ಪರೀಕ್ಷೆಗೆ ಬೇಕಾದ ದಿನಗಳನ್ನು ಕೊಡಿರೆಂದಷ್ಟೇ ಹೇಳುತ್ತಿದ್ದೇವೆ.

ಆ ದಿನಗಳನ್ನು ಕೊಡುವುದು ಪ್ರಯಾಣಿಕರಿಗೂ ಸುಲಭವಲ್ಲ. 2021ರ ಡಿಸೆಂಬರಿನಲ್ಲಿ, ಮಳೆ ನೆರೆಗಳ ಬಳಿಕ, ತಿರುವಲಂ ಸಮೀಪದ ಪೊನ್ನೈ ನದಿಯ ರೈಲು ಸೇತುವೆಯಲ್ಲಿ ದೋಷ ಕಂಡುಬಂದಾಗ ಇದೇ ಚೆನ್ನೈ ಬೆಂಗಳೂರು ದಾರಿಯ ಅನೇಕ ಗಾಡಿಗಳನ್ನು ನಿಲ್ಲಿಸಿದರು. ಎಲ್ಲರೂ ಗೊಣಗಿದೆವು. ದೋಷವನ್ನು ಕಂಡವನು ಕಣ್ಣುಮುಚ್ಚಿ ಸುಮ್ಮನಿರದೆ ಗಾಡಿಗಳನ್ನು ನಿಲ್ಲಿಸಿದನಲ್ಲ, ಆತನ ಹೆಸರನ್ನು ಯಾರೂ ಕೇಳಲಿಲ್ಲ. ಗಾಡಿಗಳನ್ನು ಬೇಗ ಬಿಟ್ಟ ಅಧಿಕಾರಿಯ ಹೆಸರಾದರೆ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಈ ಅಳತೆಗೋಲು ಪತ್ರಿಕೆಗಳಾದ ನಮ್ಮದೂ ಹೌದೆಂದು ಒಪ್ಪಿಕೊಳ್ಳಬೇಕು.

ಎಣ್ಣೆಯನ್ನು ರೈಲಿನಲ್ಲಿ ಸಾಗಿಸಬಾರದೆಂಬ ವಾದಕ್ಕೆ ನಾವು ಕೈಹಾಕುವುದಿಲ್ಲ. ರೈಲು ಬಿಟ್ಟರೆ ಅದು ರಸ್ತೆಗೆ ಬರುತ್ತದೆ, ರಸ್ತೆಯ ಗತಿ ಇನ್ನೂ ಕಷ್ಟ. ಸಾಧ್ಯವಿರುವಲ್ಲಿ ನೆಲದೊಳಗಿನ ಕೊಳವೆ ಒಳ್ಳೆಯದು. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿನ ಹತ್ತಿರದ ದೇವನಗೊಂದಿಗೆ ಬರುವ ಕೊಳವೆಯಿಂದಾಗಿ ಎಷ್ಟೋ ಎಣ್ಣೆ ಘಟ್ಟವನ್ನು ನೆಲದಡಿಯಲ್ಲೇ ಹತ್ತಿಬರುತ್ತದೆ. ಅದಿಲ್ಲದಿದ್ದರೆ ಸಕಲೇಶಪುರ, ಸುಬ್ರಹ್ಮಣ್ಯಗಳ ನಡುವಿನ ರೈಲು ದಾರಿಯ 57 ಸುರಂಗಗಳು ಮತ್ತು ನೂರಕ್ಕೂ ಮೀರಿದ ಸೇತುವೆಗಳ ಮೇಲೋ, ಶಿರಾಡಿ ಘಟ್ಟದ ರಸ್ತೆಯ ತಿರುವುಗಳಲ್ಲೋ ಆ ಎಣ್ಣೆ ಬರಬೇಕಾಗುತ್ತಿತ್ತು. ಆ ಘಟ್ಟದ ಒಂದು ಸೇತುವೆ ಸುಟ್ಟರೆ ಅಲ್ಲಿಗೆ ಕ್ರೇನು ಹೋಗುವುದು ಹೇಗೆಂಬುದನ್ನು ಆ ದಾರಿಯಲ್ಲಿ ಊರಿಗೆ ಹೋಗುವ ದಕ್ಷಿಣ ಕನ್ನಡದವರೇ ಯೋಚಿಸಲಿ.

ಕೊಳವೆಯಿಲ್ಲದ ಕಡೆ ಮಾಡಬಹುದಾದ ಕೆಲಸಗಳು ಅಸಾಧ್ಯವೇನಲ್ಲ. ಹಳಿ ತಪ್ಪಿದ ಗಾಲಿ ದೂರಕ್ಕೆ ಹೋಗದಂತೆ ತಡೆಯಲು ಸೇತುವೆಗಳ ಮೇಲೆ ಎರಡು ಹಳಿಗಳ ನಡುವೆ ಇನ್ನೆರಡು ಕಾವಲು ಹಳಿಗಳನ್ನು ಹಾಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅವು ಸುಸ್ಥಿತಿಯಲ್ಲಿರಬೇಕು. ಎಣ್ಣೆಯ ಗಾಡಿಗಳು ನಿತ್ಯ ಹಾಯುವ ದಾರಿಗಳ ದೊಡ್ಡ ಸೇತುವೆಗಳಿಗೆ ಬೆಂಕಿ ಬಿದ್ದರೆ ನೊರೆ ಎಲ್ಲಿಂದ ಬರಬೇಕು, ಅಗ್ನಿಶಾಮಕ ಗಾಡಿ ಯಾವ ರಸ್ತೆಯಿಂದ ಕಂಬದ ಬುಡಕ್ಕೆ ತಲುಪಬೇಕು, ವಿದ್ಯುತ್ತನ್ನು ನಿಲ್ಲಿಸುವವನು ಯಾರು ಎಂಬುದು ಮೊದಲೇ ಬರೆದಿರಬೇಕು. ಎಣ್ಣೆಯ ಗಾಡಿಯನ್ನು ಸಿಗ್ನಲಿಗಾಗಿ ಸೇತುವೆಯ ಮೇಲೆ ನಿಲ್ಲಿಸದಂತೆ ನೋಡಿಕೊಳ್ಳಬೇಕು. ತಿರುವಳ್ಳೂರಿನಂತಹ ಅಪಘಾತಗಳ ವಿಚಾರಣೆಯ ಫಲಿತಾಂಶ ಪ್ರಯಾಣಿಕರಿಗೆ ಅರ್ಥವಾಗುವ ಭಾಷೆಯಲ್ಲಿ, ಅವರ ಕೈಗೆ ಸಿಗುವಂತೆ ಪ್ರಕಟವಾಗಬೇಕು. ರೈಲು ಸುರಕ್ಷತೆಯ ಆಯುಕ್ತರನ್ನು ರೈಲ್ವೆ ಮಂತ್ರಿಶಾಖೆಯ ಕೈಕೆಳಗಿಡದೆ ವಿಮಾನಯಾನದ ಮಂತ್ರಿಶಾಖೆಗೆ ಸೇರಿಸಿರುವುದು ಅವರು ನಿರ್ದಾಕ್ಷಿಣ್ಯವಾಗಿ ಹೇಳಲೆಂದೇ ಅಲ್ಲವೆ?

ಇನ್ನು ನಮ್ಮ ಪಾಲಿನ ಮಾತು. ಹೊಸದಾಗಿ ಹಾಸಿದ ಜಲ್ಲಿ ಒಂದೇ ದಿನದಲ್ಲಿ ನೆಲೆಗೊಳ್ಳುವುದಿಲ್ಲ. ಹಾಯುವ ಗಾಡಿಗಳ ಭಾರದಿಂದ, ಯಂತ್ರಗಳ ಕುಟ್ಟುವಿಕೆಯಿಂದ ಅದು ದಿನೇ ದಿನೇ ಗಟ್ಟಿಯಾಗಬೇಕು. ಅಲ್ಲಿಯವರೆಗೆ ಚಾಲಕನಿಗೆ ಇಂತಿಷ್ಟೇ ವೇಗವೆಂಬ ಎಚ್ಚರಿಕೆಯ ಆಜ್ಞೆಯನ್ನು ಬರೆದುಕೊಡುತ್ತಾರೆ. ಗಾಡಿ ಆ ಜಾಗಕ್ಕೆ ಬಂದಾಗ ಆಮೆಯಂತೆ ತೆವಳುತ್ತದೆ. ಒಳಗೆ ಕುಳಿತವರು ಗಡಿಯಾರ ನೋಡಿ ಇಲಾಖೆಯನ್ನು ಬಯ್ಯುತ್ತಾರೆ. ಅತ್ತ ಇಲಾಖೆಯ ದಫ್ತರಿನಲ್ಲಿ ಆ ವಿಳಂಬ ಉಳಿದೆಲ್ಲ ವಿಳಂಬಗಳ ಜೊತೆಗೆ ಸೇರಿ ವಿಭಾಗದ ಸಮಯಪಾಲನೆಯ ಲೆಕ್ಕಕ್ಕೆ ಕಪ್ಪುಚುಕ್ಕೆಯಾಗುತ್ತದೆ. ಮೇಲಿನವರಿಂದಲೂ ಕೆಳಗಿನವರಿಂದಲೂ ಹೀಗೆ ಒತ್ತಡ ಬಂದರೆ ಆಜ್ಞೆಯನ್ನು ಒಂದು ವಾರ ಮೊದಲೇ ಹಿಂತೆಗೆದುಕೊಳ್ಳುವ ಆಸೆ ಯಾವ ಎಂಜಿನಿಯರನಿಗಾದರೂ ಬರಬಹುದು. ಲೆಕ್ಕಪತ್ರ ಬಲ್ಲ ನಮ್ಮ ಗುಮಾಸ್ತ ವಾಚಕರು ಒಪ್ಪುವರೆಂಬ ನಂಬಿಕೆಯಿಂದ ನಮ್ಮದೊಂದು ಸಣ್ಣ ಸಲಹೆ: ದುರಸ್ತಿಯಾದ ದಾರಿ ಮತ್ತು ಸೇತುವೆಗಳ ಮೇಲೆ ಎಚ್ಚರಿಕೆಗಾಗಿ ಕಳೆದ ನಿಮಿಷಗಳನ್ನು ತಡವಾದ ಗಾಡಿಗಳ ಪಟ್ಟಿಯಲ್ಲಿ ಸೇರಿಸದೆ ಅವಕ್ಕೊಂದು ಪ್ರತ್ಯೇಕ ಅಂಕಣವನ್ನು ಇಡಲಿ. ಅದನ್ನು ನಿಲ್ದಾಣದ ಫಲಕದ ಮೇಲೆ ಕಾರಣಸಹಿತ ಬರೆಯಲಿ.